ಬೈಕಿನ ಬೆಲ್ಟು ಎಷ್ಟು ಬಿಗಿ ಇರಬೇಕು?

 

ನಮ್ಮೂರಲ್ಲಿ ಬೈಕಿನ ಚೈನು ಲೊಟಲೊಟ ಅಂತ ಸದ್ದು ಮಾಡಿದರೆ ಸಾಕು, "ಎಳೆದು ಟೈಟ್ ಮಾಡ್ಸಪ್ಪಾ" ಅಂತಾರೆ. ಎಷ್ಟು ಟೈಟು ಅಂತ ಯಾರೂ ಕೇಳೋದಿಲ್ಲ. ಬಿಗಿ ಇದ್ದಷ್ಟೂ ಒಳ್ಳೆಯದು ಎಂದು ಎಲ್ಲರ ನಂಬಿಕೆ. ಆದರೆ ಅದು ಸರಿಯಲ್ಲ. ಸಡಿಲ ಆದರೆ ಎಷ್ಟು ಅಪಾಯವೋ ಬಿಗಿ ಜಾಸ್ತಿ ಆದರೂ ಅಷ್ಟೇ ಅಪಾಯ. ಈಗ ಚೈನಿನ ಬದಲು ಬೆಲ್ಟು ಇರುವ ಗಾಡಿಗಳು ಬಂದಿವೆ. ಬೆಲ್ಟಿನಲ್ಲಂತೂ ಕೈಯಂದಾಜು ನಡೆಯೋದೇ ಇಲ್ಲ. ಅಳತೆ ಮಾಡಿಯೇ ಬಿಗಿ ಮಾಡಬೇಕು. ಅದು ಯಾಕೆ, ಹೇಗೆ ಅಂತ ಈ ಲೇಖನದಲ್ಲಿ ಬರೆದಿದ್ದೇನೆ.

ನಮ್ಮ ಸೋದರಮಾವ ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ ಒಂದು ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದಾರೆ. ಹೆಸರಿನಲ್ಲಿ ಹಳ್ಳಿ ಇದೆ, ಆದರೆ ಈಗ ಅದು ಹಳ್ಳಿಯಲ್ಲ. ಮೇನ್ ರೋಡಿನ ಎರಡೂ ಕಡೆ ಬಟ್ಟೆ ಅಂಗಡಿ, ಹೋಟೆಲುಗಳೇ ತುಂಬಿವೆ. ಊಟ ತಲುಪಿಸುವ ಹುಡುಗರು ಇಡೀ ದಿನ ಬೈಕಿನಲ್ಲಿ ಓಡಾಡುತ್ತಿರುತ್ತಾರೆ. ಅವರ ಗಾಡಿ ಒಂದು ದಿನ ನಿಂತರೆ ಅವತ್ತಿನ ಸಂಪಾದನೆ ಹೋದಂತೆ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ಮಾವ ಕೆಲಸ ಮಾಡುವುದನ್ನು ನೋಡಿ, ಕೇಳಿ ತಿಳಿದುಕೊಂಡ ವಿಷಯಗಳಿವು.

1. ಬೆಲ್ಟಿನ ಕೆಲಸವೇನು?

ಇಂಜಿನ್ ಅಥವಾ ಮೋಟಾರು ಒಂದು ಕಡೆ ಇರುತ್ತದೆ, ಹಿಂದಿನ ವೀಲು ಇನ್ನೊಂದು ಕಡೆ. ಮೋಟಾರಿನ ತಿರುಗುವ ಶಕ್ತಿಯನ್ನು ವೀಲಿಗೆ ಸಾಗಿಸಬೇಕು. ಹಿಟ್ಟಿನ ಮಿಷನ್ನಿನಲ್ಲಿ ಮೋಟಾರಿನಿಂದ ಕಲ್ಲಿಗೆ ಉದ್ದನೆಯ ಬೆಲ್ಟು ಓಡುವುದನ್ನು ನಾವೆಲ್ಲ ನೋಡಿದ್ದೇವೆ. ಟೈಲರ್ ಅಂಗಡಿಯ ಹೊಲಿಗೆ ಮಿಷನ್ನಿನಲ್ಲಿ ತೆಳ್ಳಗಿನ ಚರ್ಮದ ಬೆಲ್ಟು ಇದೆ. ಗದ್ದೆ ಉಳುವ ಪವರ್ ಟಿಲ್ಲರಿನಲ್ಲೂ ಇಂಜಿನ್ನಿನಿಂದ ಬೆಲ್ಟು ಬರುತ್ತದೆ. ಇಂಥ ಟಿಲ್ಲರುಗಳನ್ನು ಮಾಡುವ ವಿ.ಎಸ್.ಟಿ. ಕಂಪನಿ ಇರುವುದು ಕೆ.ಆರ್.ಪುರದ ಹತ್ತಿರದ ಮಹದೇವಪುರದಲ್ಲಿ. ಹಾಗಾಗಿ ಬೆಲ್ಟು ನಮಗೆ ಹೊಸದೇನಲ್ಲ.

ಬೈಕಿಗೂ ಹೊಸದಲ್ಲ! ನೂರು ವರ್ಷಕ್ಕೂ ಹಿಂದೆ ಮೊದಮೊದಲು ಬಂದ ಮೋಟಾರು ಸೈಕಲ್ಲುಗಳಲ್ಲಿ ಚರ್ಮದ ಬೆಲ್ಟೇ ಇತ್ತು. ಅಮೆರಿಕದ ಹಾರ್ಲೆ ಡೇವಿಡ್ಸನ್ ಕಂಪನಿ 1903ರಲ್ಲಿ ಮಾಡಿದ ಬೈಕು ಕೂಡ ಹಾಗೇ. ಮಳೆ ಬಂದರೆ ಚರ್ಮ ನೆನೆದು ಜಾರುತ್ತಿತ್ತು. ಅದಕ್ಕೇ ಆಮೇಲೆ ಎಲ್ಲರೂ ಚೈನಿಗೆ ಹೋದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ಮಾಡುತ್ತಿದ್ದರು. ಅವೂ ಚೈನಿನವೇ. ಚೈನಿಗೆ ಧೂಳು ಕೂರದಂತೆ ಪೂರ್ತಿ ಮುಚ್ಚಿದ ಡಬ್ಬಿ ಇರುತ್ತಿತ್ತು.

1980ರಲ್ಲಿ ಹಾರ್ಲೆ ಕಂಪನಿ ಮತ್ತೆ ಬೆಲ್ಟು ತಂದಿತು. ಆದರೆ ಈ ಸಲ ಚರ್ಮದ್ದಲ್ಲ, ಒಳಮುಖಕ್ಕೆ ಹಲ್ಲುಗಳಿರುವ ಬೆಲ್ಟು. ಮೇಲೆ ನೋಡಿದರೆ ರಬ್ಬರಿನ ತರಹ ಕಾಣುತ್ತದೆ. ಒಳಗೆ ಉದ್ದಕ್ಕೂ ಬಹಳ ಗಟ್ಟಿಯಾದ ನಾರಿನ ಎಳೆಗಳಿರುತ್ತವೆ. ಎಳೆತವನ್ನೆಲ್ಲ ತಡೆಯುವುದು ಆ ಎಳೆಗಳು. ಬೆಲ್ಟಿನ ಹಲ್ಲುಗಳು ಚಕ್ರದ ಹಲ್ಲುಗಳ ಸಂದಿಯಲ್ಲಿ ಕೂರುವುದರಿಂದ ಜಾರುವುದಿಲ್ಲ.

2. ಯಾವ ಬೆಲ್ಟು?

"ಬೆಲ್ಟು ಟೈಟ್ ಮಾಡಿ" ಅಂತ ಯಾರಾದರೂ ಬಂದರೆ ಮಾವ ಮೊದಲು ಕೇಳುವ ಪ್ರಶ್ನೆ, "ಯಾವ ಗಾಡಿ? ಯಾವ ಬೆಲ್ಟು?" ಯಾಕೆಂದರೆ ಇದರಲ್ಲಿ ಬಹಳ ಗೊಂದಲ ಇದೆ.

ಆಕ್ಟಿವಾದಂಥ ಗೇರಿಲ್ಲದ ಪೆಟ್ರೋಲ್ ಸ್ಕೂಟರುಗಳಲ್ಲಿ ಎಡಗಡೆ ಡಬ್ಬಿಯ ಒಳಗೆ ಅಗಲವಾದ ಬೆಲ್ಟು ಇದೆ. ಅದನ್ನು ಸ್ಪ್ರಿಂಗು ತಾನೇ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದಕ್ಕೆ ನಾವು ಬಿಗಿ ಮಾಡುವ ಕೆಲಸವೇ ಇಲ್ಲ. ಸವೆದರೆ ಹೊಸದು ಹಾಕಬೇಕು, ಅಷ್ಟೇ.

ಕೆಲವು ಕರೆಂಟ್ ಸ್ಕೂಟರುಗಳಿಗೆ ಮೋಟಾರು ವೀಲಿನ ಒಳಗೇ ಇರುತ್ತದೆ. 2020ರಲ್ಲಿ ಬಂದ ಟಿವಿಎಸ್ ಐಕ್ಯೂಬ್ ಹೀಗೆ. ಅದಕ್ಕೆ ಚೈನೂ ಬೇಡ, ಬೆಲ್ಟೂ ಬೇಡ.

ಹಲ್ಲು ಬೆಲ್ಟು ಇರುವ ಗಾಡಿಗಳು ಬೇರೆ. 2019ರಲ್ಲಿ ಬಂದ ರಿವೋಲ್ಟ್ ಆರ್‌ವಿ400 ಎಂಬ ಕರೆಂಟ್ ಬೈಕಿನಲ್ಲಿ ಇದೆ. ಬೆಂಗಳೂರಿನ ಏಥರ್ ಕಂಪನಿಯ 450 ಸ್ಕೂಟರಿನಲ್ಲೂ ಇದೆ. 2018ರಲ್ಲಿ ಈ ಸ್ಕೂಟರು ಮೊದಲು ಮಾರಾಟಕ್ಕೆ ಬಂದದ್ದು ಬೆಂಗಳೂರಿನಲ್ಲೇ. ಇಂದಿರಾನಗರದಲ್ಲಿ ಅದರ ಅಂಗಡಿ ತೆರೆದರು. ಮೊದಲು ವೈಟ್‌ಫೀಲ್ಡಿನಲ್ಲಿ ತಯಾರಾಗುತ್ತಿತ್ತು, 2021ರಲ್ಲಿ ಕಾರ್ಖಾನೆ ಹೊಸೂರಿಗೆ ಹೋಯಿತು. ಹಾರ್ಲೆ ಡೇವಿಡ್ಸನ್ನಿನ ಹೆಚ್ಚಿನ ದೊಡ್ಡ ಬೈಕುಗಳಲ್ಲೂ ಹಲ್ಲು ಬೆಲ್ಟೇ. ಆದರೆ ಅದೇ ಹೆಸರಿನಲ್ಲಿ ಹೀರೋ ಕಂಪನಿ ಜೊತೆ ಸೇರಿ 2023ರಲ್ಲಿ ತಂದ ಎಕ್ಸ್440 ಬೈಕಿಗೆ ಚೈನು ಹಾಕಿದ್ದಾರೆ! ಹಾಗಾಗಿ ಹೆಸರು ನೋಡಿ ಹೇಳಬಾರದು, ಬಗ್ಗಿ ವೀಲಿನ ಹತ್ತಿರ ನೋಡಬೇಕು.

3. ಸಡಿಲ ಆದರೆ ಏನಾಗುತ್ತೆ? ಬಿಗಿ ಆದರೆ ಏನಾಗುತ್ತೆ?

ಸಡಿಲ ಆದರೆ: ಬೆಲ್ಟಿನ ಹಲ್ಲು ಚಕ್ರದ ಹಲ್ಲಿನ ಸಂದಿಯಲ್ಲಿ ಪೂರ್ತಿ ಕೂರದೆ ಮೇಲೆ ಹತ್ತುತ್ತದೆ. ಜೋರಾಗಿ ಎಕ್ಸಲೇಟರ್ ಕೊಟ್ಟಾಗ ಒಂದು ಹಲ್ಲು ಹಾರಿ ಮುಂದಿನ ಸಂದಿಗೆ ಬೀಳುತ್ತದೆ. ಆಗ "ಟಕ್" ಅಂತ ಸದ್ದು ಬರುತ್ತದೆ. ಹೀಗೆ ಹಾರಿ ಹಾರಿ ಹಲ್ಲುಗಳು ಕಿತ್ತುಹೋಗುತ್ತವೆ. ಚೈನು ಸಡಿಲವಾದರೆ ಇನ್ನೂ ಕಷ್ಟ. ಅದು ಕಳಚಿಕೊಂಡು ಹಲ್ಲುಚಕ್ರಕ್ಕೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡರೆ ಹಿಂದಿನ ವೀಲು ತಿರುಗದೆ ಹಿಡಿದುಕೊಳ್ಳುತ್ತದೆ. ಓಡುವ ಗಾಡಿಯಲ್ಲಿ ಹಾಗಾದರೆ ಬೀಳುವುದೇ.

ಬಿಗಿ ಜಾಸ್ತಿ ಆದರೆ: ಬೆಲ್ಟು ಎರಡೂ ಚಕ್ರಗಳನ್ನು ಯಾವಾಗಲೂ ಹತ್ತಿರಕ್ಕೆ ಎಳೆಯುತ್ತಲೇ ಇರುತ್ತದೆ. ಆ ಎಳೆತವೆಲ್ಲ ಬೇರಿಂಗಿನ ಮೇಲೆ ಬೀಳುತ್ತದೆ. ವೀಲು, ಮೋಟಾರು ಎರಡರ ಬೇರಿಂಗೂ ಬೇಗ ಹೋಗುತ್ತವೆ. ಬೆಲ್ಟಿನ ಒಳಗಿನ ಎಳೆಗಳೂ ದಣಿಯುತ್ತವೆ. ಬೆಲ್ಟು ಕುಯ್ಯೋ ಅಂತ ಕೂಗುತ್ತದೆ. ಗಾಡಿ ಎಳೆಯುವುದಕ್ಕೂ ಹೆಚ್ಚು ಶಕ್ತಿ ಬೇಕು. ಒಂದು ಸಾವಿರ ಉಳಿಸೋಕೆ ಹೋಗಿ ಹತ್ತು ಸಾವಿರ ಕಳೆದಂತೆ ಅಂತ ಮಾವ ಹೇಳುತ್ತಾರೆ.

4. ಮೂರು ಮೊಳೆಯ ಪ್ರಯೋಗ

ಇದು ಈ ಲೇಖನದ ಮುಖ್ಯ ಭಾಗ. ಖಾಲಿ ನಿಂತ ಗಾಡಿಯಲ್ಲಿ ಸರಿಯಾಗಿ ಕಾಣುವ ಬಿಗಿ, ಮೂರು ಜನ ಕೂತಾಗ ಯಾಕೆ ಬೇರೆ ಆಗುತ್ತದೆ? ಶಾಲೆಯ ಜಗಲಿ ಮೇಲೆ ಸೀಮೆಸುಣ್ಣದಿಂದಲೇ ಇದನ್ನು ನೋಡಬಹುದು.

ಬೈಕಿನಲ್ಲಿ ಮೂರು ಜಾಗ ಗುರುತು ಇಟ್ಟುಕೊಳ್ಳಿ. ಕ ಅಂದರೆ ಮೋಟಾರಿನ ಹತ್ತಿರದ ಮುಂದಿನ ಸಣ್ಣ ಚಕ್ರದ ನಡುಮಧ್ಯ. ಖ ಅಂದರೆ ಹಿಂದಿನ ವೀಲನ್ನು ಹಿಡಿದಿರುವ ಕಬ್ಬಿಣದ ತೋಳು ಮೇಲೆ ಕೆಳಗೆ ಆಡುವ ಕೀಲು. ಗ ಅಂದರೆ ಹಿಂದಿನ ವೀಲಿನ ಆಕ್ಸಲ್. ಗಾಡಿ ಗುಂಡಿಗೆ ಬಿದ್ದಾಗ ಗ ಮೇಲೆ ಕೆಳಗೆ ಹೋಗುತ್ತದೆ, ಖ ಅನ್ನೇ ನಡುವಾಗಿ ಇಟ್ಟುಕೊಂಡು.

ಒಂದು ಗೆರೆ ಎಳೆದು ಕ ಇಂದ 6 ಸೆಂ.ಮೀ. ದೂರದಲ್ಲಿ ಖ ಗುರುತು ಮಾಡಿ. ಖ ಇಂದ ಅದೇ ಗೆರೆಯ ಮೇಲೆ 50 ಸೆಂ.ಮೀ. ದೂರದಲ್ಲಿ ಗ ಗುರುತು ಮಾಡಿ. ಮೂರೂ ಒಂದೇ ಸಾಲಿನಲ್ಲಿವೆ. ಕ ಇಂದ ಗ ವರೆಗೆ ಒಟ್ಟು 56 ಸೆಂ.ಮೀ. ಈಗ ಕೋನಮಾಪಕ ಇಟ್ಟು, ಖ ಇಂದ ಗ ಗೆರೆಯನ್ನು 30 ಡಿಗ್ರಿ ಕೆಳಕ್ಕೆ ತಿರುಗಿಸಿ ಮತ್ತೆ 50 ಸೆಂ.ಮೀ. ಅಳೆದು ಹೊಸ ಗ ಗುರುತು ಮಾಡಿ. ಈಗ ಕ ಇಂದ ಹೊಸ ಗ ವರೆಗೆ ನೇರವಾಗಿ ಅಳೆಯಿರಿ. ಸುಮಾರು 55 ಸೆಂ.ಮೀ. 3 ಮಿ.ಮೀ. ಬರುತ್ತದೆ. 7 ಮಿ.ಮೀ. ಕಡಿಮೆ!

ಬೈಕಿನ ವೀಲು ನಿಜವಾಗಿ 30 ಡಿಗ್ರಿಯಷ್ಟು ಆಡುವುದಿಲ್ಲ. ನಮಗೆ ಚೆನ್ನಾಗಿ ಕಾಣಲಿ ಅಂತ ದೊಡ್ಡ ಕೋನ ತೆಗೆದುಕೊಂಡೆವು. ಆದರೆ ತತ್ತ್ವ ಅದೇ. ಮೂರೂ ಒಂದೇ ಸಾಲಿಗೆ ಬಂದಾಗ ದೂರ ಅತೀ ಹೆಚ್ಚು. ಬೆಲ್ಟಿನ ಉದ್ದ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಆಗ ಬೆಲ್ಟು ಅತೀ ಬಿಗಿ.

ಸ್ಟ್ಯಾಂಡು ಹಾಕಿದ ಗಾಡಿಯಲ್ಲಿ ವೀಲು ಕೆಳಗೆ ಜೋಲುತ್ತಿರುತ್ತದೆ. ಜನ ಕೂತು, ಹಿಂದೆ ರಾಗಿ ಮೂಟೆ ಇಟ್ಟಾಗ ವೀಲು ಮೇಲೆ ಬಂದು ಮೂರೂ ಒಂದೇ ಸಾಲಿನ ಹತ್ತಿರ ಬರುತ್ತವೆ. ಖಾಲಿ ಗಾಡಿಯಲ್ಲೇ ತಂತಿಯ ಹಾಗೆ ಬಿಗಿ ಮಾಡಿಬಿಟ್ಟರೆ ಆಗ ಎಲ್ಲಿಗೆ ಹೋಗಬೇಕು? ಒಂದೋ ಬೆಲ್ಟು ಹೋಗಬೇಕು, ಇಲ್ಲಾ ಬೇರಿಂಗು ಹೋಗಬೇಕು. ಚೈನಿಗೆ ಸ್ವಲ್ಪ ಜೋಲು ಬಿಡುವುದೂ ಇದಕ್ಕೇ. ಸಾಮಾನ್ಯ 100, 125 ಸಿಸಿ ಬೈಕುಗಳ ಚೈನಿಗೆ ನಡುವೆ 20ರಿಂದ 30 ಮಿ.ಮೀ. ಆಟ ಬಿಡುತ್ತಾರೆ. ಬೆಲ್ಟಿಗೆ ಅಷ್ಟು ಜೋಲು ಬಿಟ್ಟರೆ ಹಲ್ಲು ಹಾರುತ್ತದೆ. ಅದಕ್ಕೇ ಬೆಲ್ಟಿನ ಅಳತೆ ಇನ್ನೂ ಸೂಕ್ಷ್ಮ.

5. ಬಿಗಿ ಅಳೆಯುವುದು ಹೇಗೆ?

ಬೆರಳಿನಲ್ಲಿ ಒತ್ತಿ ನೋಡಿದರೆ ಆಗೋದಿಲ್ಲ. ನನ್ನ ಬೆರಳಿನ ಬಲ ಬೇರೆ, ಮಾವನ ಬೆರಳಿನ ಬಲ ಬೇರೆ. ಅದಕ್ಕೆ ಎರಡು ಅಳತೆ ಬೇಕು: ಎಷ್ಟು ಬಲದಿಂದ ಒತ್ತಿದೆವು, ಎಷ್ಟು ಮಿ.ಮೀ. ಬಾಗಿತು.

ಹಾರ್ಲೆ ಬೈಕುಗಳಿಗೆ ಬೆಲ್ಟಿನ ನಡುಮಧ್ಯಕ್ಕೆ 10 ಪೌಂಡು, ಅಂದರೆ ಸುಮಾರು ನಾಲ್ಕೂವರೆ ಕೆ.ಜಿ. ಬಲ ಕೊಟ್ಟು ಎಷ್ಟು ಬಾಗುತ್ತದೆ ಅಂತ ನೋಡುತ್ತಾರೆ. ಎಷ್ಟು ಬಾಗಬೇಕು ಅನ್ನುವುದು ಪ್ರತಿ ಮಾಡೆಲ್ಲಿಗೂ ಬೇರೆ ಬೇರೆ. ಅದನ್ನು ಗಾಡಿಯ ಪುಸ್ತಕದಲ್ಲೇ ನೋಡಬೇಕು. ಬಲ ಅಳೆಯಲು ಬೇರೆ ಉಪಕರಣ ಸಿಗುತ್ತದೆ. ಮಾವ ಈರುಳ್ಳಿ ತೂಗುವ ಕೊಕ್ಕೆ ತಕ್ಕಡಿ ಇಟ್ಟುಕೊಂಡಿದ್ದಾರೆ. ನಮ್ಮ ವಿಜ್ಞಾನದ ಪಾಠದ ಸ್ಪ್ರಿಂಗ್ ತ್ರಾಸಿನ ತರಹವೇ. ಅಗಲವಾದ ಬಟ್ಟೆ ಪಟ್ಟಿಯನ್ನು ಬೆಲ್ಟಿನ ನಡುವೆ ಸುತ್ತಿ, ಅದಕ್ಕೆ ಕೊಕ್ಕೆ ಹಾಕಿ ಕೆಳಕ್ಕೆ ಎಳೆಯುತ್ತಾರೆ. ಮುಳ್ಳು ನಾಲ್ಕೂವರೆಗೆ ಬಂದಾಗ ಪಕ್ಕದಲ್ಲಿ ಹಿಡಿದ ಸ್ಕೇಲಿನಲ್ಲಿ ಎಷ್ಟು ಬಾಗಿತು ಅಂತ ಓದಬೇಕು. ತಂತಿಯ ಕೊಕ್ಕೆಯನ್ನು ನೇರವಾಗಿ ಬೆಲ್ಟಿಗೆ ಹಾಕಬಾರದು, ಅಂಚು ಹರಿಯುತ್ತದೆ.

ಇನ್ನೊಂದು ವಿಧಾನ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಬೆಲ್ಟನ್ನು ಏಕತಾರಿಯ ತಂತಿಯಂತೆ ಮೀಟಿ, ಅದರ ಸ್ವರದಿಂದ ಬಿಗಿ ಹೇಳುತ್ತಾರೆ! ಭಜನೆ ಮನೆಯ ತಂಬೂರಿಯ ತಂತಿ ಬಿಗಿ ಮಾಡಿದರೆ ಸ್ವರ ಏರುತ್ತದೆ, ಸಡಿಲ ಮಾಡಿದರೆ ಇಳಿಯುತ್ತದೆ, ಅಲ್ಲವೇ? ಬೆಲ್ಟೂ ಹಾಗೇ. ಒಂದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಅನ್ನುವುದನ್ನು ಯಂತ್ರ ಲೆಕ್ಕ ಹಾಕುತ್ತದೆ. ಬೆಲ್ಟು ಮಾಡುವ ಗೇಟ್ಸ್ ಕಂಪನಿ ಸೈಕಲ್ ಬೆಲ್ಟಿಗೆ ಮೊಬೈಲಿನಲ್ಲೇ ಇದನ್ನು ಅಳೆಯುವಂತೆ ಮಾಡಿದೆ. ಇಲ್ಲಿ ಒಂದು ಗಣಿತ ಇದೆ: ಅದುರುವುದು ಎರಡು ಪಟ್ಟಾದರೆ ಬಿಗಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಯಾಕೆಂದರೆ ಅದು ವರ್ಗದ ಲೆಕ್ಕದಲ್ಲಿ ಹೋಗುತ್ತದೆ.

6. ಬಿಗಿ ಮಾಡುವ ವಿಧಾನ

ಬೇಕಾಗುವ ಸಾಮಾನು: ಗಾಡಿಯ ಪುಸ್ತಕ, ಸರಿಯಾದ ಅಳತೆಯ ಸ್ಪಾನರುಗಳು, ಸ್ಕೇಲು, ಕೊಕ್ಕೆ ತಕ್ಕಡಿ, ಒಣ ಬಟ್ಟೆ.

(ಅ) ಮೊದಲು ಗಾಡಿ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಗೇರು ಇದ್ದರೆ ನ್ಯೂಟ್ರಲ್ ಮಾಡಬೇಕು.

(ಆ) ಗಾಡಿ ಈಗ ತಾನೇ ಓಡಿ ಬಂದಿದ್ದರೆ ತಣ್ಣಗಾಗಲು ಬಿಡಬೇಕು. ಬಿಸಿಯಲ್ಲಿ ಮಾಡಿದ ಅಳತೆ ಬೇರೆ ಬರುತ್ತದೆ. ಸ್ಟ್ಯಾಂಡಿನ ಮೇಲೋ, ವೀಲು ನೆಲದ ಮೇಲೋ, ಮೇಲೆ ಒಬ್ಬರು ಕೂತೋ ಅನ್ನುವುದನ್ನು ಪುಸ್ತಕ ಹೇಳಿದಂತೆಯೇ ಮಾಡಬೇಕು. ಕಾರಣ ಮೇಲಿನ ಪ್ರಯೋಗದಲ್ಲಿ ನೋಡಿದಿರಲ್ಲ.

(ಇ) ಬೆಲ್ಟನ್ನು ಪೂರ್ತಿ ಒಂದು ಸುತ್ತು ನೋಡಬೇಕು. ಬಿರುಕು, ಕಿತ್ತ ಹಲ್ಲು, ಹೊರಗೆ ಬಂದ ಎಳೆ, ಚುಚ್ಚಿಕೊಂಡ ಕಲ್ಲು ಇದ್ದರೆ ಬಿಗಿ ಮಾಡಿ ಪ್ರಯೋಜನ ಇಲ್ಲ. ಹೊಸ ಬೆಲ್ಟೇ ಬೇಕಾಗಬಹುದು.

(ಈ) ವೀಲನ್ನು ಕೈಯಿಂದ ನಿಧಾನ ತಿರುಗಿಸಿ ನಾಲ್ಕೈದು ಕಡೆ ಬಿಗಿ ಅಳೆಯಬೇಕು. ಎಲ್ಲ ಕಡೆ ಒಂದೇ ಇರುವುದಿಲ್ಲ. ಅತೀ ಬಿಗಿ ಇರುವ ಜಾಗದಲ್ಲಿ ನಿಲ್ಲಿಸಿ ಅಲ್ಲೇ ಸರಿ ಮಾಡಬೇಕು. ಸಡಿಲ ಜಾಗದಲ್ಲಿ ಸರಿ ಮಾಡಿದರೆ ಬಿಗಿ ಜಾಗಕ್ಕೆ ಬಂದಾಗ ಅತಿಯಾಗುತ್ತದೆ.

(ಉ) ಹಿಂದಿನ ಆಕ್ಸಲ್ ನಟ್ಟನ್ನು ಸ್ವಲ್ಪ ಸಡಿಲಿಸಬೇಕು. ಪೂರ್ತಿ ಬಿಚ್ಚಬಾರದು. ಆಮೇಲೆ ಎರಡೂ ಪಕ್ಕದ ಅಡ್ಜಸ್ಟರ್ ನಟ್ಟುಗಳನ್ನು ಒಂದೇ ಸಮನೆ ತಿರುಗಿಸಬೇಕು. ಇಲ್ಲಿ ಒಂದು ಉಪಾಯ ಇದೆ. ನಟ್ಟಿಗೆ ಆರು ಮುಖ. 8 ಮಿ.ಮೀ. ಬೋಲ್ಟಿನಲ್ಲಿ ನಟ್ಟು ಪೂರ್ತಿ ಒಂದು ಸುತ್ತಿಗೆ 1.25 ಮಿ.ಮೀ. ಮುಂದೆ ಹೋಗುತ್ತದೆ. ಹಾಗಾದರೆ ಒಂದು ಮುಖಕ್ಕೆ 1.25 ಭಾಗಿಸು 6, ಸುಮಾರು 0.2 ಮಿ.ಮೀ. ಎಡಗಡೆ ಒಂದು ಮುಖ ತಿರುಗಿಸಿದರೆ ಬಲಗಡೆಯೂ ಒಂದು ಮುಖ. ಲೆಕ್ಕ ತಪ್ಪಬಾರದು.

(ಊ) ಎರಡೂ ಪಕ್ಕದ ಗುರುತುಗಳು ಒಂದೇ ಗೆರೆಗೆ ಬಂದಿವೆಯಾ ನೋಡಬೇಕು. ಇಲ್ಲಾಂದ್ರೆ ವೀಲು ಓರೆ ಆಗಿ ಬೆಲ್ಟು ಒಂದೇ ಪಕ್ಕಕ್ಕೆ ಸರಿದು ಅಂಚು ತಿನ್ನುತ್ತದೆ.

(ಋ) ಆಕ್ಸಲ್ ನಟ್ಟು ಪೂರ್ತಿ ಬಿಗಿ ಮಾಡಿ ಮತ್ತೊಮ್ಮೆ ಅಳೆಯಬೇಕು. ನಟ್ಟು ಬಿಗಿ ಮಾಡುವಾಗಲೇ ಎಷ್ಟೋ ಸಲ ಅಳತೆ ಬದಲಾಗುತ್ತದೆ. ವೀಲು ಹಿಂದೆ ಮುಂದೆ ಜರುಗಿದ್ದರಿಂದ ಹಿಂದಿನ ಬ್ರೇಕಿನ ಆಟವನ್ನೂ ನೋಡಲೇಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ಎಲ್ಲ ಗಾಡಿಗಳಲ್ಲೂ ಆಕ್ಸಲ್ಲನ್ನೇ ಜರುಗಿಸುವುದಿಲ್ಲ. ಕೆಲವದರಲ್ಲಿ ಬೆಲ್ಟನ್ನು ಒತ್ತಿ ಹಿಡಿಯುವ ರೋಲರ್ ಇರುತ್ತದೆ. ವಾರಂಟಿ ಇರುವ ಕರೆಂಟ್ ಗಾಡಿಗಳ ಬೆಲ್ಟನ್ನು ಕಂಪನಿಯ ಸರ್ವೀಸಿನಲ್ಲೇ ಮಾಡಿಸಿ ಅಂತ ಮಾವನೇ ಕಳಿಸಿಬಿಡುತ್ತಾರೆ. "ಅಳತೆ ಗೊತ್ತಿಲ್ಲದ ಗಾಡಿಗೆ ಸ್ಪಾನರ್ ಹಾಕಬಾರದು" ಅನ್ನೋದು ಅವರ ಮಾತು.

7. ಇದನ್ನು ಮಾಡಲೇಬಾರದು

ನಮ್ಮ ಮಾವನ ಎಡಗೈ ಉಂಗುರ ಬೆರಳಿಗೆ ಉಗುರಿಲ್ಲ, ಬೆರಳಿನ ತುದಿಯೂ ಇಲ್ಲ. ಅವರು ಹದಿನೇಳು ವರ್ಷದ ಹುಡುಗನಾಗಿ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾಗ, ಬೇಗ ಆಗಲಿ ಅಂತ ಇಂಜಿನ್ ಸ್ಟಾರ್ಟಿನಲ್ಲೇ ಇಟ್ಟು, ಗೇರು ಹಾಕಿ, ಓಡುವ ಚೈನಿಗೆ ಬಟ್ಟೆ ಹಿಡಿದು ಒರೆಸಲು ಹೇಳಿದ್ದರಂತೆ. ಬಟ್ಟೆ ಹಲ್ಲಿಗೆ ಸಿಕ್ಕಿತು, ಬಟ್ಟೆಯ ಹಿಂದೆ ಬೆರಳೂ ಹೋಯಿತು. "ಕಣ್ಣು ಮುಚ್ಚಿ ಬಿಡೋದ್ರೊಳಗೆ ಆಯ್ತು ಕಣೋ" ಅಂತ ಹೇಳಿದರು. ಈಗ ಅವರ ಗ್ಯಾರೇಜಿನಲ್ಲಿ ಇಂಜಿನ್ ಓಡುವಾಗ ಯಾರಾದರೂ ಚೈನಿನ ಹತ್ತಿರ ಕೈ ಇಟ್ಟರೆ ಅವತ್ತೇ ಮನೆಗೆ ಕಳಿಸುತ್ತಾರೆ.

ಕರೆಂಟ್ ಗಾಡಿ ಇನ್ನೂ ಮೋಸ. ಸದ್ದೇ ಇರುವುದಿಲ್ಲ. ಆಫ್ ಆಗಿದೆ ಅಂದುಕೊಂಡು ಕೈ ಇಟ್ಟಿರುತ್ತೇವೆ, ಆ ಕಡೆ ತಮ್ಮನೋ ತಂಗಿಯೋ ಎಕ್ಸಲೇಟರ್ ತಿರುಗಿಸಿಬಿಟ್ಟರೆ? ಅದಕ್ಕೇ ಕೀ ಜೇಬಿನಲ್ಲಿರಬೇಕು. ಕೈಯಿಂದ ವೀಲು ತಿರುಗಿಸುವಾಗಲೂ ಟೈರು ಹಿಡಿದು ತಿರುಗಿಸಬೇಕು, ಬೆಲ್ಟು ಹಿಡಿದಲ್ಲ.

ಸೀರೆ ಸೆರಗು, ದುಪ್ಪಟ್ಟಾ ಸಿಕ್ಕಿಕೊಳ್ಳುವುದೂ ಹೀಗೆಯೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬೈಕಿನ ಹಿಂದಿನ ವೀಲಿನ ಅರ್ಧಕ್ಕಾದರೂ ಬಟ್ಟೆ ಸಿಕ್ಕದಂತೆ ಮರೆ ಇರಬೇಕು. ಅಂದ ಕೆಡುತ್ತದೆ ಅಂತ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕುವವರು ನಮ್ಮೂರಲ್ಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ ಅಂತ ಮನೆಯಲ್ಲಿ ಹೇಳಿ.

ಬೆಲ್ಟಿಗೆ ಎಣ್ಣೆ, ಗ್ರೀಸು ಹಚ್ಚಬಾರದು. ಎಣ್ಣೆ ಬೇಕಾದದ್ದು ಚೈನಿಗೆ ಮಾತ್ರ. ಬಿಚ್ಚಿದ ಬೆಲ್ಟನ್ನು ಮಡಚಬಾರದು, ತಿರುಚಬಾರದು, ಮೊಳೆಗೆ ನೇತು ಹಾಕಬಾರದು. ಹೊರಗೆ ಏನೂ ಕಾಣದಿದ್ದರೂ ಒಳಗಿನ ಎಳೆ ಮುರಿದಿರುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿ ಚಕ್ರಕ್ಕೆ ಹತ್ತಿಸಬಾರದು.

8. ನಮ್ಮ ಶಾಲೆಯಲ್ಲಿ ನಾವು ಮಾಡಬಹುದಾದದ್ದು

ನಮ್ಮೂರಲ್ಲಿ ಹಲ್ಲು ಬೆಲ್ಟಿನ ಬೈಕು ಇನ್ನೂ ಇಲ್ಲ. ಆದರೆ ಚೈನಿನವು ಮನೆಗೊಂದಿವೆ. ಡೈರಿಗೆ ಹಾಲಿನ ಕ್ಯಾನು ತರುವವರು, ಸಂತೆಗೆ ಸೊಪ್ಪು ಒಯ್ಯುವವರು, ನಮ್ಮ ಮೇಷ್ಟ್ರುಗಳು, ಎಲ್ಲರೂ ಅದರ ಮೇಲೇ ಬರುತ್ತಾರೆ. ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಸ್ಕೇಲು ಹಿಡಿದು ಚೈನಿನ ಜೋಲು ಅಳೆಯೋಣ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಗಾಡಿಯ ಯಜಮಾನರು ಪಕ್ಕದಲ್ಲಿರಬೇಕು, ಕೀ ಅವರ ಕೈಯಲ್ಲಿರಬೇಕು ಅನ್ನುವುದು ಮೇಷ್ಟ್ರು ಹಾಕಿದ ನಿಯಮ. ನಾವು ಅಳೆಯುವುದು ಮಾತ್ರ. ಸ್ಪಾನರ್ ಮುಟ್ಟುವುದು ದೊಡ್ಡವರ ಕೆಲಸ. ಯಾವ ಗಾಡಿಯದು 20ಕ್ಕಿಂತ ಕಡಿಮೆ, ಯಾವುದು 30ಕ್ಕಿಂತ ಜಾಸ್ತಿ ಅಂತ ಪಟ್ಟಿ ಮಾಡಿ, ಆಯಾ ಗಾಡಿಯ ಪುಸ್ತಕ ನೋಡಿ, ಅವರವರಿಗೇ ತಿಳಿಸೋಣ.

ನೆನಪಿಡಿ: ಎಳೆದಷ್ಟೂ ಒಳ್ಳೆಯದಲ್ಲ, ಅಳೆದಷ್ಟೂ ಒಳ್ಳೆಯದು.

ನಿಮಗೆ ಮೂರು ಪ್ರಶ್ನೆಗಳು (ಉತ್ತರ ಮುಂದಿನ ಸಂಚಿಕೆಯಲ್ಲಿ):
1) ಕ ಮತ್ತು ಖ ಒಂದೇ ಜಾಗದಲ್ಲಿದ್ದರೆ ವೀಲು ಮೇಲೆ ಕೆಳಗೆ ಆಡಿದಾಗ ಬೆಲ್ಟಿನ ಬಿಗಿ ಬದಲಾಗುತ್ತದೆಯೇ?
2) ಅಡ್ಜಸ್ಟರ್ ನಟ್ಟನ್ನು ಮೂರು ಮುಖ ತಿರುಗಿಸಿದರೆ ಆಕ್ಸಲ್ ಎಷ್ಟು ಮಿ.ಮೀ. ಜರುಗುತ್ತದೆ?
3) ಬೆಲ್ಟು ಅದುರುವುದು ಮೂರು ಪಟ್ಟಾದರೆ ಬಿಗಿ ಎಷ್ಟು ಪಟ್ಟು?

– 7ನೇ ತರಗತಿಯ ಒಬ್ಬ ವಿದ್ಯಾರ್ಥಿ